ಒಂಥರಾ ಕಸ್ಟರ್ಡ್ ಇದ್ದಂಗೆ ಅಂದವರಿಗೆ...

ತುಂಬಾ ದಿನ ಆಯ್ತು ಈ ಕಡೆ ತಲೆ ಹಾಕಿ. ನಿನ್ನ ಬ್ಲಾಗಿಗೆ ಜೇಡ ಬಲೆ ಕಟ್ಟಿದೆ ಅಂತ ಇಬ್ಬರು ಮಿತ್ರರು ಕಾಲೆಳೆದೂ ಆಯ್ತು. ವಿಷಯ ಇರಲಿಲ್ಲ ಅಂತೇನಲ್ಲ, ಬರೀ ಸೋಮಾರಿತನ. ಆದ್ರೆ ಮೊನ್ನೆ ಮಧುಗಿರಿಯಲ್ಲಿ ನೆಂಟರೊಬ್ಬರ ಮನೆ ಗೃಹಪ್ರವೇಶಕ್ಕೆ ಹೋಗಿ ಬಂದ ಮೇಲೆ ಹೊಟ್ಟೆಯೊಳಗೆ ಒಂದು ಜಗಳ ಕೂತುಬಿಟ್ಟಿದೆ. ಹೊರಗೆ ಹಾಕದೆ ವಿಧಿಯಿಲ್ಲ.

ಜಗಳ ಕಸ್ಟರ್ಡ್ ಬಗ್ಗೆ. ನಗಬೇಡಿ. ಪೂರ್ತಿ ಓದಿ, ಆಮೇಲೆ ನಕ್ಕರೂ ಪರವಾಗಿಲ್ಲ.

ಎರಡನೇ ಪಂಕ್ತಿಗೆ ಕೂತಿದ್ವಿ. ಒಬ್ಬಟ್ಟು, ಕಾಯಿಹಾಲು, ಕೋಸಂಬರಿ, ಪಲ್ಯ ಎಲ್ಲಾ ಆಗಿ, ಮಜ್ಜಿಗೆಗೆ ಮುಂಚೆ ಅಡುಗೆಯವರ ಹುಡುಗ ಟ್ರೇ ತುಂಬಾ ಪೇಪರ್ ಕಪ್ಪು ಜೋಡಿಸಿಕೊಂಡು ಬಂದ. ಹಳದಿ ಕಸ್ಟರ್ಡು, ಒಳಗೆ ನಾಲ್ಕು ದ್ರಾಕ್ಷಿ, ಎರಡು ಚೂರು ಸೇಬು, ಒಂದು ಚೂರು ಬಾಳೆಹಣ್ಣು. ನಮ್ಮ ಕಡೆ ಇದಕ್ಕೆ ಫ್ರೂಟ್ ಸಲಾಡ್ ಅಂತ ಹೆಸರು. ಈಗ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಎಲ್ಲಿ ಯಾವ ಛತ್ರಕ್ಕೆ ಹೋದ್ರೂ ಈ ಕಪ್ಪು ತಪ್ಪಲ್ಲ. ನಮ್ಮ ದೊಡ್ಡಮ್ಮ, ಎಪ್ಪತ್ತು ದಾಟಿದೆ, ಮಿಡಿಗೇಶಿ ಕಡೆಯ ಹಳ್ಳಿಯವರು, ಕಪ್ಪು ಖಾಲಿ ಮಾಡಿ ಆ ಹುಡುಗನನ್ನ ಕರೆದು ಕೇಳಿದ್ರು: "ಏನಪ್ಪಾ, ಇನ್ನೊಂದ್ ಚೂರು ಕಸ್ಟಡಿ ಹಾಕಪ್ಪ."

ಸಾಲಿಗೆ ಸಾಲೇ ನಕ್ಕಿತು. ಯಾರೋ ಒಬ್ಬ, "ದೊಡ್ಡಮ್ಮ, ಕಸ್ಟಡಿ ಬೇಕಂದ್ರೆ ಪೊಲೀಸ್ ಸ್ಟೇಷನ್ನಿಗೆ ಹೋಗ್ಬೇಕು" ಅಂದ. ಇನ್ನೊಬ್ಬ, "ಹದಿನಾಲ್ಕು ದಿನಾನೋ ಬರೀ ಒಂದಿನಾನೋ?" ಅಂದ. ನಾನೂ ನಕ್ಕೆ, ಸುಳ್ಳು ಯಾಕೆ ಹೇಳ್ಲಿ. ದೊಡ್ಡಮ್ಮನೂ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಆದ್ರೆ ಎರಡನೇ ಕಪ್ಪು ತಗೊಳ್ಳಲಿಲ್ಲ. ಬೇಡ ಅಂದುಬಿಟ್ಟರು.

ಇದು ಮೊದಲನೇ ಭಾಗ. ಎರಡನೆಯದು ಸಂಜೆ ಆಗಿದ್ದು.

ದೊಡ್ಡಮ್ಮ ಬರೋವಾಗ ಒಂದು ಸ್ಟೀಲ್ ಡಬ್ಬಿಯಲ್ಲಿ ಗಿಣ್ಣು ತಂದಿದ್ರು. ಪಕ್ಕದ ಮನೆ ಹಸು ಈದಿತ್ತಂತೆ. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿ, ಆರಿದ ಮೇಲೆ ಬರ್ಫಿ ಥರ ಕುಯ್ದು ತಂದಿದ್ರು. ಬೆಂಗಳೂರಿಂದ ಬಂದಿದ್ದ ಅತಿಥಿಯೊಬ್ಬರು ಇದೇನು ಅಂತ ಕೇಳಿದ್ರು. ನಮ್ಮ ಕಡೆಯ ಹುಡುಗ, ಒಳ್ಳೆ ಓದಿದವನು, ತಕ್ಷಣ ಹೇಳಿದ: "ಇದು ಗಿಣ್ಣು ಅಂತ. ಒಂಥರಾ ಎಗ್‌ಲೆಸ್ ಕಸ್ಟರ್ಡ್ ಇದ್ದಂಗೆ. ಟ್ರೈ ಮಾಡಿ."

ಯಾರೂ ನಗಲಿಲ್ಲ. ಅತಿಥಿ "ಓ ನೈಸ್" ಅಂದ್ರು.

ನನಗೆ ಉರಿದದ್ದು ಇಲ್ಲೇ ನೋಡಿ. ಒಂದು ಅಕ್ಷರ ಆಚೀಚೆ ಮಾಡಿದ ದೊಡ್ಡಮ್ಮನಿಗೆ ಇಡೀ ಪಂಕ್ತಿ ನಕ್ಕಿತು. ಇಡೀ ಪದಾರ್ಥವನ್ನೇ ತಪ್ಪು ಹೇಳಿದವನಿಗೆ ಶಹಬ್ಬಾಸ್‌ಗಿರಿ ಸಿಕ್ಕಿತು. ಹಾಗೆ ನೋಡಿದ್ರೆ ಆ ಹುಡುಗನಿಗೊಬ್ಬನಿಗೇ ಬೈಯೋ ಹಾಗೂ ಇಲ್ಲ. ನಾವು ಬರೆಯೋರೇ ಮಾಡ್ತಿರೋದು ಇದನ್ನ. ಗಿಣ್ಣಿನ ಬಗ್ಗೆ ನೀವು ಓದಿದ ಕನ್ನಡ ಬರಹ ನೆನಪು ಮಾಡಿಕೊಳ್ಳಿ. ಹತ್ತರಲ್ಲಿ ಆರೇಳು 'ನಮ್ಮ ಹಳ್ಳಿಯ ಕಸ್ಟರ್ಡ್' ಅಂತಾನೋ 'ದೇಸಿ ಪುಡ್ಡಿಂಗ್' ಅಂತಾನೋ ಶುರುವಾಗುತ್ತೆ. ಇದೇ ಬ್ಲಾಗಿನಲ್ಲಿ ನಾನೇ ಒಮ್ಮೆ ಹಾಗೆ ಬರೆದು, ಅದಕ್ಕೆ ಹೊಗಳಿಕೆ ಇಸ್ಕೊಂಡಿದ್ದೀನಿ. ಆದ್ದರಿಂದ ಈ ಬೈಗುಳದ ಮೊದಲ ಪಾಲು ನನ್ನದೇ.

ಸರಿ, ಕಸ್ಟರ್ಡ್ ಅಂದ್ರೇನು ಅಂತ ಒಂದು ಸಲ ನೋಡೇಬಿಡೋಣ.

ಯುರೋಪಿನವರ ಕಸ್ಟರ್ಡು ಮೊಟ್ಟೆ ಮತ್ತು ಹಾಲಿನದು. ಬಿಸಿಗೆ ಮೊಟ್ಟೆಯ ಪ್ರೋಟೀನು ಹೆಪ್ಪುಗಟ್ಟಿ ಹಾಲನ್ನ ಹಿಡಿದುಕೊಳ್ಳುತ್ತೆ, ಅಷ್ಟೇ ಅದರ ಗುಟ್ಟು. ಹೆಸರಿನ ಕಥೆ ಇನ್ನೂ ತಮಾಷೆ. ಅದು ಬಂದಿದ್ದು 'ಕ್ರಸ್ಟೇಡ್' ಅನ್ನೋ ಹಳೇ ಫ್ರೆಂಚ್ ಮೂಲದ ಪದದಿಂದ. ಅಂದ್ರೆ ಹಿಟ್ಟಿನ ಚಿಪ್ಪಿನೊಳಗೆ ಹೂರಣ ತುಂಬಿ ಸುಟ್ಟ ತಿಂಡಿ. ಹೆಸರು ಇದ್ದದ್ದು ಚಿಪ್ಪಿಗೆ, ಕಾಲಕ್ರಮೇಣ ಚಿಪ್ಪು ಮರೆತುಹೋಗಿ ಒಳಗಿನ ಹೂರಣಕ್ಕೆ ಅಂಟಿಕೊಂಡಿತು. ಇಂಗ್ಲಿಷಿನವರೇ ಆ ಪದವನ್ನ ಅಷ್ಟು ಅಡ್ಡಾದಿಡ್ಡಿ ಎಳೆದಾಡಿರೋವಾಗ, ದೊಡ್ಡಮ್ಮ ಬಾಲ ಸ್ವಲ್ಪ ತಿರುಚಿದ್ದು ಯಾವ ಮಹಾಪರಾಧ ಸ್ವಾಮಿ?

ಇನ್ನು ನಮ್ಮ ಛತ್ರದ ಹಳದಿ ಕಸ್ಟರ್ಡು. ಅದು ಮೇಲೆ ಹೇಳಿದ ಕಸ್ಟರ್ಡೇ ಅಲ್ಲ. 1837ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಲ್ಫ್ರೆಡ್ ಬರ್ಡ್ ಅನ್ನೋ ಔಷಧಿ ಅಂಗಡಿಯವನು ಇದನ್ನ ಕಂಡುಹಿಡಿದ. ಅವನ ಹೆಂಡತಿಗೆ ಮೊಟ್ಟೆ ಒಗ್ಗುತ್ತಿರಲಿಲ್ಲ. ಪಾಪ ಅವಳೂ ಕಸ್ಟರ್ಡ್ ತಿನ್ನಲಿ ಅಂತ ಕಾರ್ನ್‌ಫ್ಲೋರಿನಿಂದ ಒಂದು ಬದಲಿ ಮಾಡಿದ. ಒಳ್ಳೆ ಗಂಡ, ಅದರಲ್ಲಿ ಎರಡು ಮಾತಿಲ್ಲ. ಆಯಮ್ಮನಿಗೆ ಮೊಟ್ಟೆ ಒಗ್ಗಿದ್ದಿದ್ರೆ ನಮ್ಮ ಸಸ್ಯಾಹಾರಿ ಮದುವೆಮನೆಗಳಿಗೆ ಈ ಫ್ರೂಟ್ ಸಲಾಡ್ ಬರ್ತಾನೇ ಇರಲಿಲ್ಲವೇನೋ! ಆಮೇಲೆ ನಮ್ಮ ದೇಶದಲ್ಲೂ ಇದು ಬೇರೂರಿತು. ಪುಣೆಯ ವೀಕ್‌ಫೀಲ್ಡ್‌ನವರು ಶುರು ಮಾಡಿದ್ದು 1956ರಲ್ಲಿ. ಬ್ರೌನ್ ಅಂಡ್ ಪೋಲ್ಸನ್ ಡಬ್ಬಿ ನೋಡದ ಅಡುಗೆಮನೆ ಕಮ್ಮಿ. ಮುಂದಿನ ಸಲ ಅಂಗಡಿಗೆ ಹೋದಾಗ ಕಸ್ಟರ್ಡ್ ಪುಡಿಯ ಪ್ಯಾಕೆಟ್ ತಿರುಗಿಸಿ ಹಿಂದೆ ಓದಿ: ಮೆಕ್ಕೆಜೋಳದ ಪಿಷ್ಟ, ಉಪ್ಪು, ವೆನಿಲ್ಲಾ ವಾಸನೆ, ಬಣ್ಣ. ಎಷ್ಟೋ ಪ್ಯಾಕೆಟ್ಟಿನ ಮೇಲೆ 102, 110 ಅಂತ ಬಣ್ಣದ ನಂಬರು ಇರುತ್ತೆ. ಮೊಟ್ಟೆಯ ಹಳದಿ ಇದ್ದಂಗೆ ಕಾಣ್ಲಿ ಅಂತ ಹಾಕೋ ಬಣ್ಣ ಅದು.

ಮಾಡೋ ವಿಧಾನ ಗಮನಿಸಿದ್ದೀರಾ? ಪುಡಿಯನ್ನ ತಣ್ಣನೆ ಹಾಲಲ್ಲಿ ಗಂಟಿಲ್ಲದ ಹಾಗೆ ಕಲಸಬೇಕು. ಕುದಿಯೋ ಹಾಲಿಗೆ ನಿಧಾನಕ್ಕೆ ಹುಯ್ಯಬೇಕು. ತಳ ಹಿಡಿಯದಂತೆ ಕೈ ಬಿಡದೆ ತಿರುವಬೇಕು. ಗಟ್ಟಿ ಆದ್ರೆ ಇಳಿಸಬೇಕು.

ಎಲ್ಲೋ ನೋಡಿದಂಗಿದೆ ಅಲ್ವಾ? ರಾಗಿ ಅಂಬಲಿ ಮಾಡೋದು ಹೀಗೇ! ರಾಗಿಹಿಟ್ಟು ತಣ್ಣೀರಲ್ಲಿ ಕಲಸು, ಕುದಿಯೋ ನೀರಿಗೆ ಹುಯ್ಯಿ, ತಿರುವು. ಕೂಸಿಗೆ ರಾಗಿ ಮಣ್ಣಿ ಮಾಡೋದೂ ಹೀಗೇ. ಹಿಟ್ಟಿನ ಪಿಷ್ಟ ಬಿಸಿನೀರು ಹೀರಿ ಉಬ್ಬಿ ಮಂದ ಆಗೋದು, ಅಷ್ಟೇ ವಿಜ್ಞಾನ. ಅಂದ್ರೆ ಛತ್ರದ ಕಸ್ಟರ್ಡು ಟೈ ಕಟ್ಟಿಕೊಂಡು ಬಂದ ಅಂಬಲಿ ಕಣ್ರೀ. ಅದೂ ಮುಸುಕಿನ ಜೋಳದ ಅಂಬಲಿ. ಮಧುಗಿರಿ, ಕೊರಟಗೆರೆ ಕಡೆಯ ರೈತರು ಬೆಳೆದು ಲಾರಿಗೆ ತುಂಬಿ ಕಳಿಸ್ತಾರಲ್ಲ, ಅದೇ ಜೋಳ. ನಾರು ಹೋಗಿ, ಪ್ರೋಟೀನು ಹೋಗಿ, ಬರೀ ಬಿಳೀ ಪಿಷ್ಟ ಉಳಿದು, ಬಣ್ಣ ಬಳಿದುಕೊಂಡ ಜೋಳ. ಮನೆಯಲ್ಲಿ ಅಂಬಲಿ ಕುಡಿದು ಬಂದ ಅಂತ ಯಾರಾದ್ರೂ ಹೇಳಿದ್ರೆ ಮುಖ ಮುಚ್ಕೊಳ್ತೀವಿ. ಗೃಹಪ್ರವೇಶದಲ್ಲಿ ಹಳದಿ ಅಂಬಲಿಗೆ ಪೇಪರ್ ಕಪ್ಪು, ಪ್ಲಾಸ್ಟಿಕ್ ಚಮಚ, ಮರ್ಯಾದೆ.

ನನಗೆ ಕಸ್ಟರ್ಡ್ ಮೇಲೆ ದ್ವೇಷ ಇಲ್ಲ. ಹಾಸ್ಟೆಲ್ಲಿನ ಕಾಲದಲ್ಲಿ ಭಾನುವಾರ ಮಧ್ಯಾಹ್ನ ಅದಕ್ಕೋಸ್ಕರ ಸಾಲಿನಲ್ಲಿ ಜಗಳ ಆಡಿದವನು ನಾನು. ತಣ್ಣಗಿದ್ರೆ ಚೆನ್ನಾಗೇ ಇರುತ್ತೆ. ನನ್ನ ತಕರಾರು ತಿನ್ನೋದರ ಬಗ್ಗೆ ಅಲ್ಲ. ಯಾವುದನ್ನ ಅಳತೆಗೋಲು ಮಾಡಿಕೊಂಡಿದ್ದೀವಿ ಅನ್ನೋದರ ಬಗ್ಗೆ.

ಈಗ ಗಿಣ್ಣಿಗೆ ಬನ್ನಿ. ಹಸು ಈದ ಮೇಲೆ ಮೊದಲ ಕರಾವಿನ ಹಾಲು ಹಳದಿಯಾಗಿ, ಮಂದವಾಗಿ ಇರುತ್ತೆ. ಆ ಹಳದಿಗೆ ನಂಬರಿಲ್ಲ. ದಿನದ ಮಾಮೂಲಿ ಹಾಲಲ್ಲಿ ಪ್ರೋಟೀನು ನೂರಕ್ಕೆ ಮೂರು, ಮೂರೂವರೆ ಭಾಗ. ಮೊದಲ ಕರಾವಿನಲ್ಲಿ ಅದು ನೂರಕ್ಕೆ 14ರ ಆಸುಪಾಸು. ಅದರಲ್ಲೂ ಬಹುಪಾಲು ಕರುವಿಗೆ ರೋಗ ತಡೆಯೋ ಶಕ್ತಿ ಕೊಡೋ ಪ್ರೋಟೀನುಗಳು. ಇವಕ್ಕೆ ಬಿಸಿ ತಾಗಿದ್ರೆ ಸಾಕು, ಮೊಟ್ಟೆಯಂಗೇ ಹೆಪ್ಪುಗಟ್ಟುತ್ತವೆ. ಮೊಟ್ಟೆ ಬೇಡ, ಹಿಟ್ಟು ಬೇಡ, ಹೆಪ್ಪು ಬೇಡ, ನಿಂಬೆಹಣ್ಣು ಬೇಡ. ಹಾಲು ತನ್ನಿಂದ ತಾನೇ ನಿಲ್ಲುತ್ತೆ. ಯುರೋಪಿನವರು ಕೋಳಿಯ ಹತ್ತಿರ ಸಾಲ ಮಾಡಿ ಮಾಡಿದ್ದನ್ನ ಹಸು ಒಂದೇ ಮಾಡಿ ಕೊಡುತ್ತೆ. ಹೋಲಿಸಲೇಬೇಕು ಅಂದ್ರೆ ನಿಜವಾದ ಕಸ್ಟರ್ಡಿನ ಗುಣ ಇರೋದು ಗಿಣ್ಣಿಗೆ, ಪ್ಯಾಕೆಟ್ಟಿನ ಪುಡಿಗಲ್ಲ. ನಾವೋ, ಅಸಲಿಯನ್ನ ನಕಲಿಯ ಹೆಸರಿಟ್ಟು ಪರಿಚಯಿಸ್ತಾ ಇದ್ದೀವಿ!

ಅದನ್ನ ಮಾಡೋದಕ್ಕೆ ಬೇಕಾದ ಕೈಯಳತೆ ಬೇರೆ. ಮೊದಲ ಕರಾವಿನದ್ದಾದ್ರೆ ಒಂದು ಲೋಟಕ್ಕೆ ಎರಡು ಮೂರು ಲೋಟ ಮಾಮೂಲಿ ಹಾಲು ಬೆರೆಸಬೇಕು, ಇಲ್ಲದಿದ್ರೆ ರಬ್ಬರ್ ಆಗುತ್ತೆ. ಎರಡನೇ ದಿನದ್ದಾದ್ರೆ ಬೆರೆಸೋ ಹಾಲು ಕಮ್ಮಿ. ಮೂರನೇ ದಿನಕ್ಕೆ ನಿಲ್ಲುತ್ತೋ ಇಲ್ಲವೋ ಅನುಮಾನ, ಒಡೆದ ಹಾಲಿನ ಥರ ಆಗುತ್ತೆ, ಅದನ್ನೂ ಬೆಲ್ಲ ಹಾಕಿ ತಿನ್ನೋರಿದ್ದಾರೆ. ನಮ್ಮ ದೊಡ್ಡಮ್ಮ ಮೊದಲು ಒಂದು ಚಮಚ ಹಾಲನ್ನ ಸಣ್ಣ ಬಟ್ಟಲಲ್ಲಿ ಬೇಯಿಸಿ ನೋಡ್ತಾರೆ, ಆಮೇಲೆ ಪಾತ್ರೆಗೆ ಎಷ್ಟು ಹಾಲು ಅಂತ ನಿರ್ಧಾರ. ಹಸು ಯಾವುದು, ಎಷ್ಟನೇ ಸೂಲು, ಯಾವ ಹೊತ್ತಿನ ಕರಾವು ಅಂತ ಕೇಳದೆ ಬೆಲ್ಲ ಕುಟ್ಟೋಕೂ ಶುರು ಮಾಡಲ್ಲ. ಇಷ್ಟು ತಿಳಿದ ಹೆಂಗಸಿನ ಮುಂದೆ ನಾವು ಕಸ್ಟರ್ಡ್ ಅನ್ನೋಕೆ ಬರಲ್ಲ ಅಂತ ನಕ್ಕಿದ್ದು!

ಹೆಸರುಗಳಿಗೇನು ಬರ ಇಲ್ಲ. ಪಾವಗಡದ ಮನೆಗಳಲ್ಲಿ ತೆಲುಗು ಕನ್ನಡ ಎರಡೂ ಒಂದೇ ಒಲೆಯ ಮೇಲೆ ಬೇಯುತ್ತವೆ, ಅಲ್ಲಿ ಜುನ್ನು ಅಂತಾರೆ. ತಮಿಳರು ಸೀಂಪಾಲ್ ಅಂತಾರೆ. ಮರಾಠಿಯವರು ಖರ್ವಸ್ ಅಂತಾರೆ. ಪಾವಗಡದ ಮಿತ್ರರೊಬ್ಬರು ಹೊಸಬರಿಗೆ ಜುನ್ನು ಅಂದ್ರೇನು ಅಂತ ಹೇಳೋವಾಗ "ಅದೇ, ನಿಮ್ಮ ಗಿಣ್ಣು" ಅಂತಾರೆ. ಇದು ಹೋಲಿಕೆ ಅಂದ್ರೆ. ಇತ್ತ ನಮ್ಮ ನಿಘಂಟುಗಳಲ್ಲಿ 'ಚೀಸ್' ಪದಕ್ಕೆ ಗಿಣ್ಣು ಅಂತ ಅರ್ಥ ಕೊಟ್ಟಿದ್ದನ್ನ ನೋಡಿರ್ತೀರಿ. ಚೀಸ್ ಮಾಡೋದು ಹಾಲನ್ನ ಒಡೆಸಿ ನೀರು ಬಸಿದು. ಗಿಣ್ಣಿನಲ್ಲಿ ಒಡೆಸೋದೂ ಇಲ್ಲ, ಬಸಿಯೋದೂ ಇಲ್ಲ. ಒಂದು ಕಡೆ ಗಿಣ್ಣು ಚೀಸ್, ಇನ್ನೊಂದು ಕಡೆ ಗಿಣ್ಣು ಕಸ್ಟರ್ಡ್. ಗಿಣ್ಣು ಮಾತ್ರ ಗಿಣ್ಣಲ್ಲ. (ಬೆರಳಿನ ಗಿಣ್ಣು, ಕಬ್ಬಿನ ಗಿಣ್ಣು ಬೇರೆ ಇದೆ. ಅದನ್ನಾದ್ರೂ ಯಾರೂ ಪುಡ್ಡಿಂಗ್ ಅನ್ನಬೇಡಿ ಪುಣ್ಯಾತ್ಮರೇ.)

ಇಷ್ಟೇ ಆಗಿದ್ರೆ ಇದು ಪದದ ಜಗಳ ಅಂತ ಬಿಡಬಹುದಿತ್ತು. ಗಿಣ್ಣಿನ ಜೊತೆ ಒಂದು ನಡವಳಿಕೆ ಇದೆ, ಕಸ್ಟರ್ಡ್ ಅಂದಕೂಡಲೇ ಅದು ಬಿದ್ದುಹೋಗುತ್ತೆ. ನನಗೆ ಹೊಟ್ಟೆ ಉರಿಯೋದು ಅದಕ್ಕೆ.

ಹಳ್ಳಿಗಳಲ್ಲಿ ಗಿಣ್ಣದ ಹಾಲು ಮಾರೋ ಸರಕಲ್ಲ. ಡೈರಿಯವರು ಅದನ್ನ ತಗೊಳ್ಳೋದೂ ಇಲ್ಲ, ಕಾಯಿಸಿದ್ರೆ ಒಡೆದು ಕ್ಯಾನಿಗೆ ಕ್ಯಾನೇ ಹಾಳಾಗುತ್ತೆ ಅಂತ. ಹಸು ಈದ ಕೆಲವು ದಿನ ಆ ಮನೆಯ ಹಾಲು ಡೈರಿಗೆ ಹೋಗಲ್ಲ. ಹಾಗಾಗಿ ಅದು ಎಲ್ಲಿಗೆ ಹೋಗ್ತಿತ್ತು? ಪಕ್ಕದ ಮನೆಗೆ, ಎದುರು ಮನೆಗೆ, ಬಾಣಂತಿ ಇರೋ ಮನೆಗೆ, ದನ ಇಲ್ಲದ ಮನೆಗೆ. ಬೆಳಿಗ್ಗೆ ಬಾಗಿಲಲ್ಲಿ ಒಂದು ಚೊಂಬು ಬಂತು ಅಂದ್ರೆ ಯಾರ ಮನೆ ಹಸು ಈದಿದೆ, ಹೋರಿಯೋ ಹೆಣ್ಣೋ ಅಂತ ಬೀದಿಗೆಲ್ಲಾ ಗೊತ್ತು. ಆ ಚೊಂಬನ್ನ ಬರಿದಾಗಿ ವಾಪಸ್ ಕೊಡೋ ಹಾಗಿಲ್ಲ, ಒಂದಚ್ಚು ಬೆಲ್ಲವೋ ಒಂದು ಹಿಡಿ ಅಕ್ಕಿಯೋ ಹಾಕಿ ಕೊಡಬೇಕು. ಎಲ್ಲರ ಮನೆಗೂ ಹೋಗ್ತಿತ್ತು ಅಂತ ನಾನು ಸುಳ್ಳು ಹೇಳಲ್ಲ. ಹಳ್ಳಿಯ ಜಾತಿ ಗೆರೆಗಳು ಚೊಂಬಿಗೂ ಇದ್ದವು, ಕೆಲವು ಬಾಗಿಲಿಗೆ ಒಳಗಿಂದ, ಕೆಲವು ಬಾಗಿಲಿಗೆ ದೂರದಿಂದ ಹುಯ್ದು ಕೊಟ್ಟಿದ್ದನ್ನ ನಾನೇ ನೋಡಿದ್ದೀನಿ. ಆ ಭಾಗಕ್ಕೆ ನನ್ನ ಹಂಬಲ ಏನೂ ಇಲ್ಲ. ಆದ್ರೂ, ದುಡ್ಡು ಕೊಟ್ಟರೂ ಅಂಗಡಿಯಲ್ಲಿ ಸಿಗದ, ಯಾರೋ ಕೊಟ್ಟರೆ ಮಾತ್ರ ತಿನ್ನಬಹುದಾದ ಸಿಹಿ ಅದೊಂದೇ ಇತ್ತು. 'ಎಗ್‌ಲೆಸ್ ಕಸ್ಟರ್ಡ್' ಅಂದ್ರೆ ಇದ್ಯಾವುದೂ ಬರಲ್ಲ, ಬರೀ ಒಂದು ಡೆಸರ್ಟ್ ಬರುತ್ತೆ.

ಇಲ್ಲೊಂದು ಗಟ್ಟಿ ಆಕ್ಷೇಪ ಇದೆ, ಅದನ್ನ ಹಾರಿಸಿ ಹೋದ್ರೆ ಮೋಸ ಆಗುತ್ತೆ. ಆ ಹಾಲು ಕರುವಿನದ್ದಲ್ವಾ? ಹೌದು, ಕರುವಿನದ್ದೇ. ಮನುಷ್ಯರ ಹಾಗೆ ದನಗಳಲ್ಲಿ ತಾಯಿಯ ರೋಗನಿರೋಧಕ ಶಕ್ತಿ ಗರ್ಭದಲ್ಲೇ ಕರುವಿಗೆ ದಾಟಿ ಬರಲ್ಲ. ಬರೋದು ಈ ಮೊದಲ ಹಾಲಿನಿಂದ. ಅದೂ ಹುಟ್ಟಿದ ಮೊದಲ ಕೆಲವು ಗಂಟೆಯಲ್ಲಿ ಚೆನ್ನಾಗಿ, ಒಂದು ದಿನ ಕಳೆದ ಮೇಲೆ ಕರುವಿನ ಕರುಳು ಅದನ್ನ ಹೀರಿಕೊಳ್ಳೋದೇ ನಿಂತುಹೋಗುತ್ತೆ. ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟು ಹಾಲು ಮೊದಲು ಅದಕ್ಕೆ ಕುಡಿಸಲೇಬೇಕು ಅಂತ ಪಶುವೈದ್ಯರು ಹೇಳ್ತಾರೆ. ಇಪ್ಪತ್ತೈದು ಮೂವತ್ತು ಕೆಜಿ ಕರುವಿಗೆ ಎರಡೂವರೆ, ಮೂರು ಲೀಟರ್. ಹಳ್ಳಿಕಾರ್‌ನಂಥ ನಾಟಿ ಹಸು ಕೊಡೋದೇ ಸ್ವಲ್ಪ, ಅಲ್ಲಿ ಕರು ಕುಡಿದು ಮಿಕ್ಕಿದ್ದು ಒಂದು ಚೊಂಬು. ಸೀಮೆಹಸು ಈದ್ರೆ ಕರು ಹೊಟ್ಟೆ ತುಂಬಾ ಕುಡಿದ ಮೇಲೂ ಲೀಟರುಗಟ್ಟಲೆ ಉಳಿಯುತ್ತೆ. ಕರುವಿನ ಬಾಯಿ ಕಟ್ಟಿ ಗಿಣ್ಣು ಮಾಡಿದವರು ನಮ್ಮಲ್ಲಿ ಇಲ್ಲ ಅಂತ ಅಲ್ಲ, ಇದ್ದಾರೆ, ಅವರ ಪರ ನಾನು ವಾದ ಮಾಡ್ತಿಲ್ಲ. ಕರು ಕುಡಿದು ಮಿಕ್ಕಿದ್ದು ಅನ್ನೋದೇ ಈ ತಿಂಡಿಯ ಮೊದಲ ನಿಯಮ ಆಗಿರ್ಲಿ. ನೋಡಿ, ಗಿಣ್ಣು ಅಂತ ಮಾತಾಡಿದ್ರೆ ಕರುವಿನ ಪ್ರಶ್ನೆ ತಾನಾಗೇ ಎದ್ದು ಬರುತ್ತೆ. ಕಸ್ಟರ್ಡ್ ಅಂದ್ರೆ ಕರು ಯಾರ ನೆನಪಿಗೂ ಬರಲ್ಲ.

ದನ ಇದ್ರೆ ತಾನೇ ಗಿಣ್ಣು. ಕೊರಟಗೆರೆ ತಾಲ್ಲೂಕಿನ ಕ್ಯಾಮೇನಹಳ್ಳಿಯಂಥ ದನದ ಜಾತ್ರೆಗೆ ಹೋಗಿ ಬಂದ ಹಿರಿಯರನ್ನ ಕೇಳಿ, ಮುಂಚೆ ಎಷ್ಟು ಜೋಡಿ ಸೇರ್ತಿದ್ವು ಅಂತ ಕಣ್ಣರಳಿಸಿ ಹೇಳ್ತಾರೆ. ಟ್ರ್ಯಾಕ್ಟರ್ ಬಂತು, ಎತ್ತು ಹೋಯ್ತು, ಅದು ಎಲ್ಲಾ ಕಡೆಯ ಕಥೆ. ಪಾವಗಡದ ಕಥೆ ಬೇರೆ. ನಾಗಲಮಡಿಕೆ ಹೋಬಳಿಯ ತಿರುಮಣಿ ಸುತ್ತಮುತ್ತ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಬಂತು, 2018ರಲ್ಲಿ ಉದ್ಘಾಟನೆ, 2019ರ ಕೊನೆಗೆ 2,050 ಮೆಗಾವ್ಯಾಟ್. ಜಮೀನು ಇದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ದುಡ್ಡು. ಮಳೆ ನಂಬಿ ಕಡ್ಲೆಕಾಯಿ ಬಿತ್ತಿ ಕೈ ಸುಟ್ಟುಕೊಂಡ ಊರಿಗೆ ಅದು ಸಣ್ಣ ಮಾತಲ್ಲ, ಬೇಡ ಅನ್ನೋಕೆ ನಾನ್ಯಾರು. ಆದ್ರೆ ದನ ಕುರಿ ಮೇಯ್ತಿದ್ದ ಬಯಲು ಬೇಲಿಯೊಳಗೆ ಹೋಯ್ತು. ಜಮೀನು ಇಲ್ಲದೆ ಬರೀ ದನ ಕುರಿ ಇಟ್ಟುಕೊಂಡಿದ್ದವರಿಗೆ ಗುತ್ತಿಗೆಯ ದುಡ್ಡೂ ಇಲ್ಲ, ಮೇವೂ ಇಲ್ಲ. ಅವರು ಮಾರಿ ಕೈ ತೊಳೆದುಕೊಂಡ್ರು. ಅಂಥ ಒಂದು ಊರಿನ ಮಿತ್ರರ ಮನೆಗೆ ಹೋದಾಗ ಜುನ್ನು ತಿಂದು ಎಷ್ಟು ದಿನ ಆಯ್ತು ಅಂತ ಕೇಳಿದ್ದೆ. ಅವರಮ್ಮ ಲೆಕ್ಕ ಹಾಕೋಕೆ ಹೋಗಿ ಸುಮ್ಮನಾದ್ರು. ಆಮೇಲೆ ನಮ್ಮ ಮುಂದೆ ಇಟ್ಟಿದ್ದು ಏನು ಅಂತೀರಿ? ಹಳದಿ ಕಸ್ಟರ್ಡು. ಪ್ರೀತಿಯಿಂದಲೇ ಕೊಟ್ರು, ಪೂರ್ತಿ ತಿಂದೆ.

ಈಗ ಯೂಟ್ಯೂಬಿನಲ್ಲಿ 'ಗಿಣ್ಣದ ಹಾಲಿಲ್ಲದೆ ಗಿಣ್ಣು' ಅಂತ ಹುಡುಕಿ ನೋಡಿ. ಮೊಸರು, ಕಂಡೆನ್ಸ್‌ಡ್ ಮಿಲ್ಕು, ಚೈನಾಗ್ರಾಸು, ಮೊಟ್ಟೆ ಹಾಕಿ ಮಾಡೋ ನೂರೆಂಟು ವಿಧಾನ ಇವೆ. ಕೆಲವರು ಕಸ್ಟರ್ಡ್ ಪುಡಿಯನ್ನೇ ಹಾಕ್ತಾರೆ! ಮೊದಲು ಗಿಣ್ಣು ಕಸ್ಟರ್ಡ್ ಇದ್ದಂಗೆ ಅಂದ್ವಿ. ಈಗ ಕಸ್ಟರ್ಡೇ ಗಿಣ್ಣು ಆಗಿದೆ. ಮಾತು ಎಲ್ಲಿಂದ ಎಲ್ಲಿಗೆ ಕರ್ಕೊಂಡು ಹೋಗುತ್ತೆ ನೋಡಿ.

ಹಣ್ಣಿನ ವಿಷಯದಲ್ಲೂ ಇದೇ ಆಟ. ಸೀತಾಫಲದ ಕಾಲದಲ್ಲಿ ಕೊರಟಗೆರೆಯಿಂದ ಮಧುಗಿರಿ ದಾಟಿ ಪಾವಗಡದ ಕಡೆ ಹೊರಟ್ರೆ ರಸ್ತೆ ಬದಿ ಬುಟ್ಟಿ ಇಟ್ಟುಕೊಂಡು ಹೆಂಗಸರು ಮಕ್ಕಳು ಕೂತಿರ್ತಾರೆ. ಬೆಟ್ಟದಲ್ಲಿ ತಾನೇ ಬೆಳೆದ ಗಿಡಗಳ ಹಣ್ಣು, ಸಣ್ಣದು, ಬೀಜ ಜಾಸ್ತಿ, ಸಿಹಿ ಮಾತ್ರ ವಿಪರೀತ. ಕಳೆದ ಸಲ ಒಬ್ಬ ಹುಡುಗ ನಮ್ಮ ಕಾರು ನಿಲ್ಲೋದು ನೋಡಿ ಕೂಗಿದ: "ಕಸ್ಟರ್ ಆಪಲ್, ಕಸ್ಟರ್ ಆಪಲ್!" ಬೆಂಗಳೂರು ನಂಬರ್ ಪ್ಲೇಟು ನೋಡಿ ಭಾಷೆ ಬದಲಾಯಿಸಿದ ಪಾಪ. ವ್ಯಾಪಾರಕ್ಕೆ ಬೇಕಲ್ಲ. ಅವನದ್ದೇನೂ ತಪ್ಪಿಲ್ಲ. ಸೂಪರ್ ಮಾರ್ಕೆಟ್ಟಿನ ಚೀಟಿಯಲ್ಲಿ, ಐಸ್‌ಕ್ರೀಮ್ ಡಬ್ಬಿಯ ಮೇಲೆ ಹಾಗೇ ತಾನೇ ಬರೆದಿರೋದು.

ಮಜಾ ಏನಪ್ಪಾ ಅಂದ್ರೆ ಇಂಗ್ಲಿಷಿನಲ್ಲೂ ಅದು ಸರಿಯಾದ ಹೆಸರಲ್ಲ. ಸಸ್ಯಶಾಸ್ತ್ರದವರ ಪ್ರಕಾರ ಕಸ್ಟರ್ಡ್ ಆಪಲ್ ಅನ್ನೋ ಹೆಸರು ಸಲ್ಲಬೇಕಾದ್ದು ನಮ್ಮ ರಾಮಫಲಕ್ಕೆ, ಅಂದ್ರೆ ಅನೋನಾ ರೆಟಿಕ್ಯುಲೇಟಾಗೆ. ಸೀತಾಫಲ ಅನೋನಾ ಸ್ಕ್ವಾಮೋಸಾ, ಅದಕ್ಕೆ ಶುಗರ್ ಆಪಲ್ ಅಂತ ಹೆಸರು. ಅಂದ್ರೆ ಇಂಗ್ಲಿಷ್ ಮಾತಾಡೋ ಚಪಲಕ್ಕೆ ಸೀತೆಯನ್ನ ರಾಮನ ಹೆಸರಿಂದ ಕರೀತಿದ್ದೀವಿ. ಕಸ್ಟಡಿ ಅಂದಿದ್ದಕ್ಕೆ ನಕ್ಕವರು ಇದಕ್ಕೂ ಒಂದು ಸಲ ನಗಬೇಕಲ್ವಾ, ನ್ಯಾಯಕ್ಕೆ?

"ಸೀತಾಫಲ ನಮ್ಮದೇ ಅಲ್ಲವಲ್ಲ, ಅಮೆರಿಕಾ ಖಂಡದಿಂದ ಬಂದಿದ್ದು" ಅಂತ ಗೆಳೆಯರೊಬ್ಬರು ವಾದ ಹೂಡಿದ್ರು. ನಿಜ, ಅಲ್ಲಿಂದ ಪೋರ್ಚುಗೀಸರ ಕಾಲದಲ್ಲಿ ಬಂತು ಅನ್ನೋದೇ ಸಾಮಾನ್ಯವಾಗಿ ಒಪ್ಪಿರೋ ಮಾತು. ಭಾರ್ಹುತ್ ಸ್ತೂಪದ ಕೆತ್ತನೆಯಲ್ಲಿ ಸೀತಾಫಲ ಇದೆ ಅಂತ 19ನೇ ಶತಮಾನದಲ್ಲಿ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ವಾದಿಸಿದ್ದ, ಅದರ ಮೇಲೆ ದೊಡ್ಡ ಚರ್ಚೆಯೇ ನಡೆದಿದೆ. ನನ್ನ ವಾದಕ್ಕೆ ಅದು ಎಲ್ಲಿಂದ ಬಂದ್ರೂ ಒಂದೇ. ದೂರದಿಂದ ಬಂದ ಹಣ್ಣಿಗೆ ನಮ್ಮವರು ಏನು ಮಾಡಿದ್ರು ನೋಡಿ. ಬಾಯಲ್ಲಿ ಹೊರಳೋ ಹೆಸರಿಟ್ರು. ಅದರ ನೆಂಟನಿಗೆ ರಾಮಫಲ ಅಂದ್ರು, ಇನ್ನೊಂದಕ್ಕೆ ಲಕ್ಷ್ಮಣಫಲ ಅಂದ್ರು, ಹನುಮಫಲ ಅಂತಾನೂ ಒಂದಿದೆ. ಇಡೀ ರಾಮಾಯಣಾನೇ ಗಿಡದ ಮೇಲೆ ಕೂರಿಸಿದ್ರು! ಹೊರಗಿನದನ್ನ ಒಳಗೆ ಕರ್ಕೊಳ್ಳೋ ರೀತಿ ಅದು. ನಾವೀಗ ಮಾಡ್ತಿರೋದು ಒಳಗಿದ್ದದ್ದನ್ನ ಹೊರಗೆ ನಿಲ್ಲಿಸಿ ಚೀಟಿ ಅಂಟಿಸೋ ಕೆಲಸ.

ಹಾಗಂತ ನಾನು ಅಚ್ಚಗನ್ನಡದ ಲಾಠಿ ಹಿಡಿದು ನಿಂತಿಲ್ಲ. ಬಸ್ಸು, ಕಾಫಿ, ಚಮಚ, ಮೇಜು, ಎಲ್ಲಾ ಎಲ್ಲೆಲ್ಲಿಂದಲೋ ಬಂದವೇ. ಕಸ್ಟರ್ಡ್‌ಗೆ 'ಹಾಲ್ಗಂಜಿ' ಅಂತ ಹೊಸ ಪದ ಹುಟ್ಟಿಸಿ ಎಲ್ಲರೂ ಬಳಸಿ ಅನ್ನೋ ಆಸಾಮಿಯೂ ನಾನಲ್ಲ. ಕಸ್ಟರ್ಡು ಕಸ್ಟರ್ಡಾಗೇ ಇರಲಿ. ಇಷ್ಟ ಬಂದ್ರೆ ಕಸ್ಟಡಿ ಅಂತಾನೂ ಅನ್ನಿ. ಬಸ್ ಸ್ಟ್ಯಾಂಡು 'ಬಸ್ಟಾಂಡು' ಆಗಿ, ಹಾಸ್ಪಿಟಲ್ಲು 'ಆಸ್ಪತ್ರೆ' ಆಗಿ ನಮ್ಮದಾಗಿಲ್ವಾ? ಕಸ್ಟಡಿ ಅಂದ ದೊಡ್ಡಮ್ಮ ಅದೇ ಕೆಲಸ ಮಾಡಿದ್ದು, ಹೊರಗಿನ ಪದವನ್ನ ತಮ್ಮ ನಾಲಿಗೆಗೆ ಒಗ್ಗಿಸಿಕೊಂಡಿದ್ದು.

ತಮಾಷೆ ಮಾಡಬೇಡಿ ಅಂತಾನೂ ಅಲ್ಲ. ಹುಬ್ಬಳ್ಳಿ ಕಡೆಯ ಗೆಳೆಯನೊಬ್ಬ ನನ್ನನ್ನ ಮೊದಲು ಕೇಳಿದ್ದೇ "ನಿಮ್ಮೂರ ಹತ್ರ ಶಿರಾ ಅಂತ ಊರೈತಂತಲ್ಲ, ತುಪ್ಪ ಹಾಕೇ ಕಟ್ಟ್ಯಾರೇನು?" ಅಂತ. ಅವರ ಕಡೆ ಕೇಸರಿಬಾತಿಗೆ ಶಿರಾ ಅಂತಾರೆ. ನಾನು, "ಮಧುಗಿರಿ ಅಂತ ಜೇನಿನ ಬೆಟ್ಟಾನೇ ಇದೆ, ಅದರಿಂದ ಪಾಕ ತಗೊಂಡಿದ್ದೀವಿ" ಅಂದೆ. ಇಬ್ಬರೂ ನಕ್ವಿ. ಇದು ಸಮಸಮ ನಗು. "ಕಸ್ಟರ್ಡ್ ಮಾಡೋದು ಕಷ್ಟಾನಾ ಅಲ್ವಾ" ಅನ್ನೋ ಹಳೇ ಜೋಕಿಗೂ ನನ್ನ ಅಡ್ಡಿ ಇಲ್ಲ, ಅದು ಕೆಟ್ಟ ಜೋಕು ಅನ್ನೋದೊಂದು ಬಿಟ್ರೆ. :-) ಆದ್ರೆ ಛತ್ರದ ಆ ನಗು ಯಾವಾಗ್ಲೂ ಒಂದೇ ಕಡೆಗೆ ಹರಿಯುತ್ತೆ, ಓದಿದವರ ಸಾಲಿನಿಂದ ಓದದವರ ಎಲೆಯ ಕಡೆಗೆ. ಬೆಂಗಳೂರಿನ ಅತಿಥಿ 'ಗಿಣ್ಣು' ಅನ್ನೋಕೆ ಹೋಗಿ 'ಗಿಣಿ' ಅಂದ್ರು ಅವತ್ತು. ಯಾರಾದ್ರೂ ನಕ್ಕರಾ? ನಾವೇ ತಿದ್ದಿ, ಎರಡು ಸಲ ನಿಧಾನಕ್ಕೆ ಹೇಳಿಕೊಟ್ವಿ. ದೊಡ್ಡಮ್ಮನಿಗೆ ಯಾಕೆ ಹಾಗೆ ಹೇಳಿಕೊಡಲಿಲ್ಲ?

ಅದಕ್ಕೇ ಅಡುಗೆ ಬಗ್ಗೆ ಬರೆಯೋ ನಿಮ್ಮೆಲ್ಲರ ಹತ್ತಿರ ನನ್ನದೊಂದು ಪಂಥ. ಒಂದು ವರ್ಷ ಹೋಲಿಕೆಯನ್ನ ತಿರುಗಿಸಿ ಬರೀರಿ. ಕ್ಯಾರಮೆಲ್ ಕಸ್ಟರ್ಡ್ ಬಗ್ಗೆ ಬರೆಯೋವಾಗ 'ಒಂಥರಾ ಮೊಟ್ಟೆ ಹಾಕಿದ ಗಿಣ್ಣು ಇದ್ದಂಗೆ' ಅಂತ ಶುರು ಮಾಡಿ. ಫ್ರೂಟ್ ಸಲಾಡಿಗೆ 'ಹಣ್ಣು ಹಾಕಿದ ಜೋಳದ ಅಂಬಲಿ' ಅಂತ ಬರೀರಿ. ಓದುಗರು ಮೊದಲು ನಗ್ತಾರೆ, ನಗಲಿ. ನೀವು ಬರೆದಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲ್ಲ. ಗಿಣ್ಣಿನ ಬಗ್ಗೆ ಬರೆದ್ರೆ ಯಾವ ಸೂಲು, ಎಷ್ಟನೇ ಕರಾವು, ಕರು ಎಷ್ಟು ಕುಡೀತು, ಚೊಂಬು ಯಾರ ಮನೆಯಿಂದ ಬಂತು ಅಂತ ಬರೀರಿ. ಅದು ಗೊತ್ತಿಲ್ಲದಿದ್ರೆ ಗೊತ್ತಿರೋರನ್ನ ಕೇಳಿ. ಅವರು ಪಂಕ್ತಿಯಲ್ಲಿ ನಿಮ್ಮ ಪಕ್ಕದಲ್ಲೇ ಕೂತಿರ್ತಾರೆ.

ಇದನ್ನ ಬರೆದು ಮುಗಿಸೋ ಹೊತ್ತಿಗೆ ದೊಡ್ಡಮ್ಮನ ಫೋನು. ಇನ್ನೊಂದು ಹಸು ಈ ವಾರದಲ್ಲೇ ಈಯುತ್ತಂತೆ, ಭಾನುವಾರ ಬಾ ಅಂದ್ರು. ಅವತ್ತು ನಕ್ಕಿದ್ದಕ್ಕೆ ಬೇಜಾರಾಯ್ತಾ ದೊಡ್ಡಮ್ಮ ಅಂತ ಕೇಳಿದೆ. "ಏ ಬಿಡ್ಲಾ, ನೀವೆಲ್ಲಾ ನಗದೆ ಇನ್ಯಾರ್ ನಗ್ತಾರೆ" ಅಂದ್ರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೋವಾಗ ಆ ಹಳದಿ ಪುಡಿ ಪ್ಯಾಕೆಟ್ ಒಂದ್ ತಗೊಂಬಾ. ಮೊಮ್ಮಗಳು ಕೇಳ್ತಾಳೆ. ಅದರ ಹೆಸರು ಮಾತ್ರ ನಾನ್ ಹೇಳಲ್ಲಪ್ಪ" ಅಂದ್ರು.